ಲಾಲಬಾಗವನ್ನು ನೋಡುವ ಬಗೆ

ಬೆಂಗಳೂರಿಗೆ ಹೋದ ನಮ್ಮ ಕಡೆಯ ಕುಟುಂಬಗಳು ಲಾಲಬಾಗವನ್ನು ನೋಡದೆ ಮರಳುವುದು ವಿರಳ. ಆದರೆ ಬಹುಮಂದಿ ನೋಡುವುದು ಗಾಜಿನ ಮನೆಯೊಂದನ್ನೇ. ಅದೂ ಜನೆವರಿ ಇಲ್ಲವೆ ಆಗಸ್ಟ್ ತಿಂಗಳಿನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ. ಮುಂದಿದ್ದವರ ಬೆನ್ನು ಕಂಡಷ್ಟು ಹೂವು ಕಂಡಿರುವುದಿಲ್ಲ!

ಇದು ಕೇವಲ ಅಂದಕ್ಕಾಗಿ ಹುಟ್ಟಿದ ತೋಟವಲ್ಲ. 1760ರಲ್ಲಿ ಹೈದರಾಲಿ ಇದನ್ನು ಆರಂಭಿಸಿದನು. ಟಿಪ್ಪು ದೂರದ ದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ನೆಡಿಸಿದನು. 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಮೂರು ದಶಕಕ್ಕೂ ಮಿಕ್ಕು ಇಲ್ಲಿದ್ದ ಜಾನ್ ಕ್ಯಾಮರನ್ ಹೊರನಾಡಿನ ಬೆಳೆಗಳನ್ನು ಈ ನೆಲದಲ್ಲಿ ಬೆಳೆಸಿ ನೋಡಿದರು. ನಿಮ್ಮ ಪಲ್ಯದ ಸೀಮೆಬದನೆಯೂ ಹಾಗೆ ಬಂದದ್ದೇ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅವರ ಕಾಲದಲ್ಲಿಯೇ.

ಪ್ರದರ್ಶನದ ಬಣ್ಣಕ್ಕೆ ಮರುಳಾಗಿ ಸಸಿ ಕೊಂಡು ತರುವವರಿಗೆ ಒಂದು ಮಾತು. ಕೆಂಪೇಗೌಡನ ಗೋಪುರ ನಿಂತ ಬಂಡೆಯನ್ನು ಮೊದಲು ಹತ್ತಿ ನೋಡಿರಿ. ಸುಮಾರು 300 ಕೋಟಿ ವರ್ಷದ ಈ ಕಲ್ಲು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಥ ಕಲ್ಲು ಕರಗಿ ಆದದ್ದೇ ಬೆಂಗಳೂರಿನ ಕೆಂಪು ಮಣ್ಣು. ಅದರಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಊರೂ ಮೂರು ಸಾವಿರ ಅಡಿ ಎತ್ತರದ್ದು, ಹವೆ ತಂಪು. ನವಲಗುಂದ, ಅಣ್ಣಿಗೇರಿಯ ಎರೆಯ ಸ್ವಭಾವವೇ ಬೇರೆ: ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಅಲ್ಲಿ ನಕ್ಕ ಗಿಡ ಇಲ್ಲಿ ಬೇರು ಕೊಳೆತು ಸತ್ತರೆ ನಿಮ್ಮ ಕೈಗುಣವನ್ನು ಹಳಿಯಬೇಡಿರಿ. ಕೊಳ್ಳುವ ಮುನ್ನ ಈ ಗಿಡ ಕರಿ ಮಣ್ಣಿಗೆ ತಾಳುವುದೇ ಎಂದು ಕೇಳಿರಿ. ತಂದದ್ದಾದರೆ ಕೆಂಪು ಮಣ್ಣು, ಮರಳು, ಕೊಳೆತ ಸಗಣಿ ಗೊಬ್ಬರ ಕೂಡಿಸಿ ಕುಂಡದಲ್ಲಿಯೋ ಎತ್ತರದ ಮಡಿಯಲ್ಲಿಯೋ ಇಡಿರಿ. ಕಲಘಟಗಿಯ ಕೆಂಪು ನೆಲದವರಿಗೆ ಇಷ್ಟು ಚಿಂತೆಯಿಲ್ಲ.

ಕುಂದಗೋಳದವರಿಗೆ ರೈಲು ಊರಿನಲ್ಲಿಯೇ ಉಂಟು. ಉಳಿದವರು ಹುಬ್ಬಳ್ಳಿಗೆ ಬಂದರೆ ಸಾಕು. ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ನಾಲ್ಕನೆಯ ನಿಲ್ದಾಣವೇ ಲಾಲಬಾಗ. ಪ್ರದರ್ಶನವಿಲ್ಲದ ದಿನ ಬೆಳಗಿನಲ್ಲಿ ಹೋಗಿರಿ. 240 ಎಕರೆಯನ್ನು ಒಂದೇ ದಿನ ಸುತ್ತುವ ಹಟ ಬೇಡ; ಬುರುಗದ ಜಾತಿಯ ಮುದಿಮರವೊಂದರ ಗೋಡೆಯಂಥ ಬೇರುಗಳ ಬಳಿ ಅರ್ಧ ಗಳಿಗೆ ನಿಂತರೂ ಹೋದದ್ದು ಸಾರ್ಥಕ. ಮರಗಳಿಗೆ ಕಟ್ಟಿದ ಹಲಗೆಗಳಲ್ಲಿ ಹೆಸರು ಇರುತ್ತದೆ. ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಟ್ಟು ಬರೆಯಿಸಿರಿ.