ಗಡ್ಡೆ ಸುಡುವ ಚಿಕಿತ್ಸೆಯಲ್ಲಿ ತೊಡೆ ಸುಡುವುದೇಕೆ? ಚರ್ಮದ ರಕ್ಷಣೆಗೆ ತಿಳಿದಿರಬೇಕಾದ ಅಂಶಗಳು

ಲಿವರ್, ಕಿಡ್ನಿ, ಥೈರಾಯ್ಡ್‌ನಲ್ಲಿ ಕಾಣಿಸಿಕೊಳ್ಳುವ ಕೆಲವು ಗಡ್ಡೆಗಳನ್ನು ಈಗ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆಯೇ ನಾಶಪಡಿಸಬಹುದು. ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ನೆರವಿನಿಂದ ತೆಳುವಾದ ಸೂಜಿಯನ್ನು ಗಡ್ಡೆಯೊಳಗೆ ಇಳಿಸಿ, ಶಾಖದಿಂದ ಅದನ್ನು ಸುಡಲಾಗುತ್ತದೆ. ಇದೇ ಥರ್ಮಲ್ ಅಬ್ಲೇಶನ್. ಆದರೆ ಎಚ್ಚರ ತಪ್ಪಿದರೆ ಇದೇ ಶಾಖ ಚರ್ಮವನ್ನೂ ಸುಡಬಹುದು. ಸೂಜಿ ಹೊಟ್ಟೆಯಲ್ಲಿದ್ದರೂ ಗಾಯ ತೊಡೆಯ ಮೇಲಾಗಬಹುದು!

ತೊಡೆಗೂ ಸೂಜಿಗೂ ಏನು ಸಂಬಂಧ?

ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್ (ಆರ್‌ಎಫ್‌ಎ) ವಿಧಾನದಲ್ಲಿ ಸೂಜಿಯ ಮೂಲಕ ವಿದ್ಯುತ್ ಹರಿಸುತ್ತಾರೆ. ಸೂಜಿಯ ತುದಿ ಚಿಕ್ಕದಾದ್ದರಿಂದ ಶಾಖ ಅಲ್ಲೇ ಕೇಂದ್ರೀಕೃತವಾಗುತ್ತದೆ. ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶಗಳು ಬಹುತೇಕ ತಕ್ಷಣವೇ ಸಾಯುತ್ತವೆ.

ಒಳಹೋದ ವಿದ್ಯುತ್ ಹೊರಬರಲೂ ದಾರಿ ಬೇಕು. ಅದಕ್ಕಾಗಿ ಸಾಮಾನ್ಯವಾಗಿ ಎರಡೂ ತೊಡೆಗಳಿಗೆ ಗ್ರೌಂಡಿಂಗ್ ಪ್ಯಾಡ್ ಅಂಟಿಸುತ್ತಾರೆ. ಪ್ಯಾಡ್ ಅಗಲವಾಗಿರುವುದರಿಂದ ಶಾಖ ಹಂಚಿಹೋಗುತ್ತದೆ. ಆದರೆ ಪ್ಯಾಡ್ ಅರ್ಧ ಕಿತ್ತು ಬಂದರೆ ಅಷ್ಟೂ ವಿದ್ಯುತ್ ಉಳಿದ ಸಣ್ಣ ಜಾಗದಿಂದಲೇ ಹೊರಹೋಗಬೇಕು. ಆಗ ಆ ಜಾಗದ ಚರ್ಮ ಸುಡುತ್ತದೆ. ಅರಿವಳಿಕೆಯಲ್ಲಿರುವ ರೋಗಿಗೆ ಉರಿ ಗೊತ್ತಾಗುವುದಿಲ್ಲ. ಹಾಗಾಗಿ ಮುನ್ನೆಚ್ಚರಿಕೆಯೇ ಮುಖ್ಯ.

ವೈದ್ಯರು ಏನು ಮಾಡುತ್ತಾರೆ?

* ಪ್ಯಾಡ್ ಅಂಟಿಸುವ ಜಾಗದ ಕೂದಲು ತೆಗೆದು, ಚರ್ಮವನ್ನು ಸ್ವಚ್ಛಗೊಳಿಸಿ ಒಣಗಿಸುತ್ತಾರೆ.
* ಒಂದಕ್ಕಿಂತ ಹೆಚ್ಚು ದೊಡ್ಡ ಪ್ಯಾಡ್‌ಗಳನ್ನು ಸೂಜಿಯಿಂದ ಸಮಾನ ದೂರದಲ್ಲಿ ಅಂಟಿಸುತ್ತಾರೆ. ಒಂದು ಹತ್ತಿರ, ಇನ್ನೊಂದು ದೂರ ಇದ್ದರೆ ಹತ್ತಿರದ್ದು ಹೆಚ್ಚು ಕಾಯುತ್ತದೆ.
* ಸೂಜಿಯ ಕಡೆಗಿರುವ ಅಂಚೇ ಹೆಚ್ಚು ಬಿಸಿಯಾಗುವುದರಿಂದ ಪ್ಯಾಡ್‌ನ ಉದ್ದನೆಯ ಬದಿಯನ್ನು ಆ ಕಡೆಗೆ ಇಡುತ್ತಾರೆ.
* ಚಿಕಿತ್ಸೆಯ ನಡುವೆ ಪ್ಯಾಡ್ ಸರಿಯಾಗಿ ಅಂಟಿದೆಯೇ, ಬಿಸಿಯಾಗಿದೆಯೇ ಎಂದು ಪರಿಶೀಲಿಸುತ್ತಾರೆ.

ಗಡ್ಡೆ ಚರ್ಮದ ಹತ್ತಿರ ಇದ್ದರೆ?

ಮೈಕ್ರೋವೇವ್ ಅಬ್ಲೇಶನ್‌ಗೆ ಗ್ರೌಂಡಿಂಗ್ ಪ್ಯಾಡ್ ಬೇಕಿಲ್ಲ. ಆದರೆ ಸೂಜಿಯ ಹಿಡಿಕೆಯತ್ತಲೂ ಶಾಖ ಹರಿದು, ಸೂಜಿ ಚುಚ್ಚಿದ ಜಾಗ ಸುಡುವ ಅಪಾಯವಿದೆ. ಇದನ್ನು ತಡೆಯಲು ಅನೇಕ ಸೂಜಿಗಳ ಒಳಗೇ ತಂಪು ದ್ರವ ಹರಿಯುವ ವ್ಯವಸ್ಥೆ ಇರುತ್ತದೆ.

ಗಡ್ಡೆ ಚರ್ಮದ ಕೆಳಗೇ ಇದ್ದರೆ ಎರಡರ ನಡುವೆ ದ್ರವ ತುಂಬಿಸಿ ಅಂತರ ಹೆಚ್ಚಿಸುತ್ತಾರೆ. ಆರ್‌ಎಫ್‌ಎಯಲ್ಲಿ ಇದಕ್ಕೆ ಶೇ 5ರ ಡೆಕ್ಸ್‌ಟ್ರೋಸ್ ದ್ರಾವಣ ಬಳಸುತ್ತಾರೆ. ಸಲೈನ್‌ನಲ್ಲಿ ಉಪ್ಪಿರುವುದರಿಂದ ಅದು ವಿದ್ಯುತ್ ಹರಿಸುತ್ತದೆ, ಹಾಗಾಗಿ ಸೂಕ್ತವಲ್ಲ. ಚರ್ಮದ ಮೇಲೆ ತಂಪು ಪ್ಯಾಕ್ ಇಡುವುದೂ ಉಂಟು.

ರೋಗಿಗಳು ಏನು ಮಾಡಬೇಕು?

* ಸೊಂಟದ ಕೀಲು ಬದಲಾವಣೆ, ಮೂಳೆಗೆ ಹಾಕಿದ ರಾಡ್, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ತೊಡೆಯಲ್ಲಿ ಹಳೆಯ ಗಾಯದ ಕಲೆ, ಚರ್ಮರೋಗ ಇದ್ದರೂ ಹೇಳಿ.
* ಚಿಕಿತ್ಸೆಯ ದಿನ ತೊಡೆಗೆ ಎಣ್ಣೆ, ಲೋಷನ್, ಪೌಡರ್ ಹಚ್ಚಬೇಡಿ. ಆಭರಣ ತೆಗೆದಿಡಿ.
* ಎಚ್ಚರವಿರುವಾಗಲೇ ಚಿಕಿತ್ಸೆ ನಡೆದರೆ, ತೊಡೆ ಅಥವಾ ಸೂಜಿ ಚುಚ್ಚಿದ ಜಾಗ ಉರಿದ ಕೂಡಲೇ ಹೇಳಿ. ಸಿಬ್ಬಂದಿಗೆ ಕನ್ನಡ ಬಾರದ ಊರಿನಲ್ಲಿದ್ದರೆ, ಉರಿಯನ್ನು ಹೇಗೆ ತಿಳಿಸಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.
* ಚಿಕಿತ್ಸೆಯ ನಂತರ ಪ್ಯಾಡ್ ಇದ್ದ ಜಾಗವನ್ನು ನೋಡಿಕೊಳ್ಳಿ. ಕೆಂಪಾಗಿರುವುದು ಕಡಿಮೆಯಾಗದಿದ್ದರೆ, ಗುಳ್ಳೆ ಎದ್ದರೆ, ಚರ್ಮ ಬಿಳಿಚಿದರೆ ಅಥವಾ ಕಪ್ಪಾದರೆ ಆಸ್ಪತ್ರೆಗೆ ತಿಳಿಸಿ. ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟ್, ಅರಿಶಿನದಂಥ ಮನೆಮದ್ದು ಹಚ್ಚಬೇಡಿ.

ಗಡ್ಡೆಯ ಗಾತ್ರ, ಜಾಗ ನೋಡಿ ಯಾವ ವಿಧಾನ ಸೂಕ್ತ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ‘ಚರ್ಮ ಸುಡದಂತೆ ಏನು ಮಾಡುತ್ತೀರಿ?’ ಎಂದು ಕೇಳಲು ಹಿಂಜರಿಯಬೇಡಿ.