ಇನ್‌ಲೈನ್ ಸ್ಕ್ರಿಪ್ಟ್‌ಗಳ ಸೋಸುವಿಕೆ

ಇನ್‌ಲೈನ್ ಸ್ಕ್ರಿಪ್ಟ್‌ಗಳ ಸೋಸುವಿಕೆ ಎಂದರೆ, ಜಾಲಪುಟದ ಎಚ್‌ಟಿಎಂಎಲ್ ಪಠ್ಯದೊಳಗೇ ಬರೆದಿರುವ ಜಾವಾಸ್ಕ್ರಿಪ್ಟ್ ಭಾಗಗಳ ಪೈಕಿ ಬಳಕೆದಾರರಿಗೆ ಬೇಡವಾದವು ಕಾರ್ಯನಿರ್ವಹಿಸದಂತೆ ಬ್ರೌಸರ್‌ನಲ್ಲಿ ತಡೆಯುವ ವಿಧಾನ. ಯುಬ್ಲಾಕ್ ಒರಿಜಿನ್ ಮೊದಲಾದ ಕಂಟೆಂಟ್ ಬ್ಲಾಕರ್ ವಿಸ್ತರಣೆಗಳು ಜಾಹೀರಾತುಗಳನ್ನೂ ಬಳಕೆದಾರರ ಜಾಡು ಹಿಡಿಯುವ ಸ್ಕ್ರಿಪ್ಟ್‌ಗಳನ್ನೂ ತಡೆಯಲು ಇದನ್ನು ಬಳಸುತ್ತವೆ.

ಸಮಸ್ಯೆಯ ಸ್ವರೂಪ

ಪ್ರತ್ಯೇಕ ಕಡತದಲ್ಲಿರುವ ಸ್ಕ್ರಿಪ್ಟ್‌ಗೆ ತನ್ನದೇ ಆದ ಜಾಲವಿಳಾಸವಿರುತ್ತದೆ. ಬ್ರೌಸರ್ ಆ ವಿಳಾಸಕ್ಕೆ ಕೋರಿಕೆ ಕಳುಹಿಸಿ ಕಡತವನ್ನು ತರಿಸಿಕೊಳ್ಳುತ್ತದೆ. ವಿಳಾಸವು ತನ್ನ ಪಟ್ಟಿಯಲ್ಲಿದ್ದರೆ ಬ್ಲಾಕರ್ ಆ ಕೋರಿಕೆಯನ್ನೇ ನಿಲ್ಲಿಸುತ್ತದೆ. ಆದರೆ ಇನ್‌ಲೈನ್ ಸ್ಕ್ರಿಪ್ಟ್ ಪುಟದ ಜೊತೆಯಲ್ಲೇ ಬರುವುದರಿಂದ ಅದಕ್ಕೆ ಬೇರೆ ವಿಳಾಸವಿಲ್ಲ. ಅಕ್ಕಿಯಲ್ಲಿ ಬೆರೆತ ಕಲ್ಲನ್ನು ತೆಗೆಯಲು ಅಕ್ಕಿಯನ್ನೇ ಆರಿಸಬೇಕಾಗುವಂತೆ, ಇಲ್ಲಿ ಪುಟದ ಒಳಭಾಗವನ್ನೇ ಪರಿಶೀಲಿಸಬೇಕಾಗುತ್ತದೆ.

ವಿಧಾನಗಳು

ಸಂಪೂರ್ಣ ನಿಷೇಧ: ಸರ್ವರ್‌ನ ಉತ್ತರಕ್ಕೆ ಬ್ಲಾಕರ್ 'ಕಂಟೆಂಟ್ ಸೆಕ್ಯುರಿಟಿ ಪಾಲಿಸಿ' ಎಂಬ ನಿರ್ದೇಶನವನ್ನು ಸೇರಿಸಿ, ಪುಟದ ಎಲ್ಲ ಇನ್‌ಲೈನ್ ಸ್ಕ್ರಿಪ್ಟ್‌ಗಳನ್ನೂ ನಿಲ್ಲಿಸುತ್ತದೆ. ಬೇಕಾದುದು, ಬೇಡವಾದುದು ಎಂಬ ಭೇದ ಇಲ್ಲಿಲ್ಲದ ಕಾರಣ ಪುಟದ ಮೆನು, ಅರ್ಜಿ ನಮೂನೆಗಳೂ ಕೆಲಸ ಮಾಡದೆ ಹೋಗಬಹುದು.

ಮೂಲಪಠ್ಯದ ಸೋಸುವಿಕೆ: ನಿರ್ದಿಷ್ಟ ಪದಗಳನ್ನು ಒಳಗೊಂಡ ಸ್ಕ್ರಿಪ್ಟ್ ಭಾಗವನ್ನು, ಬ್ರೌಸರ್ ಎಚ್‌ಟಿಎಂಎಲ್ ಪಠ್ಯವನ್ನು ಅರ್ಥೈಸುವ ಮೊದಲೇ ತೆಗೆದುಹಾಕಲಾಗುತ್ತದೆ. ಇದಕ್ಕೆ ಅಗತ್ಯವಾದ ಸೌಲಭ್ಯವು 2017ರಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ 57ನೇ ಆವೃತ್ತಿಯಿಂದ ಲಭ್ಯವಿದೆ, ಕ್ರೋಮ್‌ನಲ್ಲಿ ಇಲ್ಲ.

ಸ್ಕ್ರಿಪ್ಟ್‌ಲೆಟ್ ಸೇರ್ಪಡೆ: ಪುಟದ ಸ್ಕ್ರಿಪ್ಟ್‌ಗಳಿಗಿಂತ ಮುಂಚೆ ಬ್ಲಾಕರ್ ತನ್ನದೊಂದು ಕಿರು ಸ್ಕ್ರಿಪ್ಟನ್ನು ಸೇರಿಸುತ್ತದೆ. ಬೇಡವಾದ ಸ್ಕ್ರಿಪ್ಟ್ ತನಗೆ ಬೇಕಾದ ನಿರ್ದಿಷ್ಟ ಮೌಲ್ಯವನ್ನು ಓದಲು ಯತ್ನಿಸಿದೊಡನೆ ದೋಷವುಂಟಾಗಿ, ಅದು ಅಲ್ಲಿಗೇ ನಿಲ್ಲುತ್ತದೆ. ಉಳಿದ ಸ್ಕ್ರಿಪ್ಟ್‌ಗಳು ಎಂದಿನಂತೆ ನಡೆಯುತ್ತವೆ.

ಮಿತಿಗಳು

ಕೊನೆಯ ಎರಡು ವಿಧಾನಗಳ ನಿಯಮಗಳು ಸ್ಕ್ರಿಪ್ಟ್‌ನಲ್ಲಿರುವ ಪದಗಳನ್ನೂ ಹೆಸರುಗಳನ್ನೂ ಅವಲಂಬಿಸಿವೆ. ಜಾಲತಾಣವು ಅವುಗಳನ್ನು ಬದಲಾಯಿಸಿದರೆ ನಿಯಮವು ನಿಷ್ಫಲವಾಗುತ್ತದೆ. ಆದುದರಿಂದ ಸೋಸುವ ಪಟ್ಟಿಗಳನ್ನು ಸ್ವಯಂಸೇವಕರು ನಿರಂತರವಾಗಿ ಪರಿಷ್ಕರಿಸುತ್ತಿರುತ್ತಾರೆ. ಕ್ರೋಮ್ ಜಾರಿಗೆ ತಂದ 'ಮ್ಯಾನಿಫೆಸ್ಟ್ ವಿ3' ವ್ಯವಸ್ಥೆಯು ವಿಸ್ತರಣೆಗಳ ತಡೆಯುವ ಅಧಿಕಾರವನ್ನು ಮೊಟಕುಗೊಳಿಸಿದೆ. ಅದಕ್ಕೆ ಹೊಂದುವಂತೆ ಯುಬ್ಲಾಕ್ ಒರಿಜಿನ್ ಲೈಟ್ ಎಂಬ ಬೇರೆ ವಿಸ್ತರಣೆ ರೂಪುಗೊಂಡಿತು.

ಸುರಕ್ಷತೆ

ಪುಟದೊಳಗಿನ ಸ್ಕ್ರಿಪ್ಟನ್ನು ಸೋಸಲು ಬ್ಲಾಕರ್‌ಗೆ ಪುಟಗಳನ್ನು ಓದುವ ಮತ್ತು ಬದಲಾಯಿಸುವ ಅನುಮತಿ ಬೇಕು. ಎಲ್ಲ ತಾಣಗಳಿಗೂ ಈ ಅನುಮತಿ ನೀಡಿದರೆ ಬ್ಯಾಂಕಿನ ಪುಟವೂ ಅದರಲ್ಲಿ ಸೇರುತ್ತದೆ. ಪರರ ಕಣ್ಣಿನಿಂದ ಮಾಹಿತಿಯನ್ನು ಕಾಯಲು ನೇಮಿಸಿದ ವಿಸ್ತರಣೆಯೇ ಆ ಮಾಹಿತಿಯನ್ನೆಲ್ಲ ಕಾಣಬಲ್ಲದು. ಆದ್ದರಿಂದ ವಿಸ್ತರಣೆಯನ್ನು ಬ್ರೌಸರ್‌ನ ಅಧಿಕೃತ ಭಂಡಾರದಿಂದಲೇ ಪಡೆಯುವುದು, ಅದರ ಪೂರ್ಣ ಹೆಸರು ಹಾಗೂ ತಯಾರಕರನ್ನು ಪರಿಶೀಲಿಸುವುದು ಅವಶ್ಯಕ.