ಕೇಳಿದ್ದು ವಕೀಲರು, ಹೇಳಿದ್ದು ‘ನಾನು’

ಪ್ರಶ್ನೆ: ನಮ್ಮ ಜಮೀನಿನ ಕೇಸಿನ ನಕಲು ತೆಗೆಸಿದೆ. ವಕೀಲರು ಒಂದೊಂದಾಗಿ ಕೇಳಿದ್ದ ಪ್ರಶ್ನೆಗಳೇ ಅದರಲ್ಲಿಲ್ಲ. ಎಲ್ಲವೂ ನಾನೇ ಹೇಳಿಕೊಂಡು ಹೋದ ಕಥೆಯಂತಿದೆ. ಏಕೆ?

ಉತ್ತರ: ಇದು ಗುಮಾಸ್ತರ ತಪ್ಪಲ್ಲ, ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲ, ನಿರೂಪಣೆಯಾಗಿ ಬರೆಯಬೇಕೆಂದು 1898ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯದೂ ಅದೇ ಮಾತಾಗಿತ್ತು. ಕೈಬರಹದ ಕಾಲದಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಬರೆಯುತ್ತ ಕೂತರೆ ದಿನಕ್ಕೊಬ್ಬ ಸಾಕ್ಷಿಯೂ ಮುಗಿಯುತ್ತಿರಲಿಲ್ಲ.

ಹಾಗಾಗಿ ಪ್ರಶ್ನೆ ಉತ್ತರದೊಳಗೇ ಕರಗುತ್ತದೆ. ಎದುರು ವಕೀಲರು ‘ನೀವು ಸುಳ್ಳು ಹೇಳುತ್ತಿದ್ದೀರಿ ಅಲ್ಲವೇ?’ ಎಂದು ಗದರುತ್ತಾರೆ, ನೀವು ‘ಇಲ್ಲ ಸ್ವಾಮಿ’ ಎನ್ನುತ್ತೀರಿ. ನ್ಯಾಯಾಧೀಶರು ಬರೆಸುವುದು: ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ನಮ್ಮ ಕೋರ್ಟುಗಳ ಕನ್ನಡಕ್ಕೆ ಈ ‘ಎಂದರೆ ಸರಿಯಲ್ಲ’ ಬಂದದ್ದೇ ಹೀಗೆ. ಗದರಿಕೆ, ತಡವರಿಕೆ, ಮೌನ ಯಾವುದೂ ಹಾಳೆಗೆ ಇಳಿಯುವುದಿಲ್ಲ. ಮೇಲ್ಮನವಿಯ ನ್ಯಾಯಾಧೀಶರಿಗೆ ಸಿಗುವುದು ಆ ಹಾಳೆ ಮಾತ್ರ. ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ.

ಪ್ರಶ್ನೆಯ ಪದಗಳೇ ಮುಖ್ಯವಾದರೆ ಪ್ರಶ್ನೋತ್ತರವಾಗಿಯೇ ದಾಖಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ನಿಮ್ಮ ವಕೀಲರು ಅಲ್ಲೇ ಕೋರಬಹುದು. 2002ರ ಜುಲೈಯಿಂದ ಸಿವಿಲ್ ದಾವೆಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕವೇ ನಡೆಯುತ್ತಿದೆ. ಆದ್ದರಿಂದ ನಿಮ್ಮ ಬಾಯಿಮಾತು ಉಳಿದಿರುವುದು ಪಾಟೀಸವಾಲಿನಲ್ಲಿ. ‘ಓದಿ ಹೇಳಿ ಕೇಳಲಾಗಿ ಸರಿ ಇದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕುವ ಮುನ್ನ ಪೂರ್ತಿ ಓದಿಸಿ ಕೇಳಿ.